ಮಂಗಳೂರಿಗೆ ಹೊರಟ ರೈಲು ಮೈಸೂರಿಗೇಕೆ ಹೋಗುತ್ತದೆ?

ಪ್ರಶ್ನೆ: ಬೆಂಗಳೂರಿನಿಂದ ಕರಾವಳಿಗೆ ಹೋಗುವ ರಾತ್ರಿ ರೈಲುಗಳಲ್ಲಿ ಒಂದು ಕುಣಿಗಲ್ ಮೇಲೆ ನೇರವಾಗಿ ಹಾಸನ ತಲುಪುತ್ತದೆ, ಇನ್ನೊಂದು ಮೈಸೂರಿಗೆ ಹೋಗಿ, ಅಲ್ಲಿಂದ ಹಾಸನಕ್ಕೆ ಬರುತ್ತದೆ. ಹತ್ತಿರದ ದಾರಿ ಇರುವಾಗ ಈ ಸುತ್ತು ಏಕೆ?

ಉತ್ತರ: ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗಲು ಇಂದು ಮೂರು ದಾರಿಗಳಿವೆ. ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹೋದರೆ ಸುಮಾರು 170 ಕಿಲೋಮೀಟರ್, ತುಮಕೂರು ಮತ್ತು ಅರಸೀಕೆರೆಯ ಮೇಲೆ ಹೋದರೆ ಸುಮಾರು 210, ಮೈಸೂರು ಮತ್ತು ಹೊಳೆನರಸೀಪುರದ ಮೇಲೆ ಹೋದರೆ 255ಕ್ಕೂ ಹೆಚ್ಚು. ಹಾಸನ ದಾಟಿದ ಮೇಲೆ ಮೂರಕ್ಕೂ ಒಂದೇ ಹಳಿ. ಹಾಗಾಗಿ ಓದುಗರು ಕೇಳುವ ಸುತ್ತು 85–90 ಕಿಲೋಮೀಟರಿನಷ್ಟು ದೊಡ್ಡದು, ಮತ್ತು ಪ್ರಯಾಣದರವನ್ನು ರೈಲು ಸಾಗುವ ದೂರಕ್ಕೆ ತಕ್ಕಂತೆ ಲೆಕ್ಕ ಹಾಕುವುದರಿಂದ ಅದರ ಭಾರ ಟಿಕೆಟ್ಟಿನ ಮೇಲೂ ಬೀಳುತ್ತದೆ. ಆದರೆ ಈ ಮೂರರಲ್ಲಿ ಅತ್ಯಂತ ಹತ್ತಿರದ ದಾರಿಯೇ ಅತ್ಯಂತ ಹೊಸದು ಎಂಬುದನ್ನು ಗಮನಿಸದಿದ್ದರೆ ಉಳಿದುದು ಅರ್ಥವಾಗುವುದಿಲ್ಲ.

ಮಂಗಳೂರಿಗೆ ಮೊದಲು ರೈಲು ಬಂದದ್ದು 1907ರಲ್ಲಿ, ಬಂದದ್ದು ಘಟ್ಟದ ಮೇಲಿನಿಂದಲ್ಲ, ಮಲಬಾರಿನ ಕಡೆಯಿಂದ. ಅಂದಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಎರಡರ ನಡುವೆ ಪಶ್ಚಿಮ ಘಟ್ಟವೂ ಇತ್ತು, ಆಡಳಿತದ ಗಡಿಯೂ ಇತ್ತು. ಬೆಂಗಳೂರಿನವರು ರೈಲಿನಲ್ಲೇ ಮಂಗಳೂರಿಗೆ ಹೋಗಬೇಕಾದರೆ 1864ರಿಂದ ಇದ್ದ ಹಳಿಯಲ್ಲಿ ಪೂರ್ವಕ್ಕೆ ಜೋಲಾರಪೇಟೆಗೆ ಇಳಿದು, ಸೇಲಂ, ಈರೋಡುಗಳನ್ನು ಹಾದು, ಘಟ್ಟಸಾಲು ತಾನಾಗಿ ಬಾಗಿಲು ಬಿಟ್ಟಿರುವ ಪಾಲಕ್ಕಾಡಿನ ಕಣಿವೆಯಲ್ಲಿ ಪಶ್ಚಿಮಕ್ಕೆ ದಾಟಿ, ಶೋರನೂರಿನಲ್ಲಿ ಉತ್ತರಕ್ಕೆ ತಿರುಗಿ, ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡುಗಳ ಮೇಲೆ ಬರಬೇಕಿತ್ತು. ಇದು ಎಂಟು ನೂರು ಕಿಲೋಮೀಟರಿನ ಆಸುಪಾಸಿನ ಪ್ರಯಾಣ. ಅದರ ಮುಂದೆ ಇಂದಿನ ಮೈಸೂರಿನ ಸುತ್ತು ಬಹಳ ಸಣ್ಣದು.

ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯುವ ಹಳಿಯ ಕೆಲಸ ಕೈಗೂಡಿದ್ದು ಸ್ವಾತಂತ್ರ್ಯಾನಂತರ, ಪಣಂಬೂರಿನಲ್ಲಿ ಹೊಸ ಬಂದರು ಕಟ್ಟುವ ಯೋಜನೆ ಬಲಗೊಂಡ ಮೇಲೆ. 1960ರ ದಶಕದಲ್ಲಿ ಆರಂಭವಾದ ಕಾಮಗಾರಿ 1979ರಲ್ಲಿ ಮುಗಿಯಿತು. ಸುಮಾರು 189 ಕಿಲೋಮೀಟರಿನ ಈ ಮಾರ್ಗದಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರೇ ಕಠಿಣವಾದ ಭಾಗ: 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು, 50 ಅಡಿ ಸಾಗಿದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಇಳುಕಲು. ಇಲ್ಲಿ ರೈಲಿನ ವೇಗ ಗಂಟೆಗೆ 30 ಕಿಲೋಮೀಟರಿನ ಮಟ್ಟದಲ್ಲಿರುತ್ತದೆ, ಎದುರುಬದುರು ರೈಲುಗಳು ದಾಟಿಕೊಳ್ಳಲು ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ಕೆಲವೇ ಕಾಡಿನ ನಿಲ್ದಾಣಗಳಿವೆ. ಆದ್ದರಿಂದ ಒಂದು ದಿನಕ್ಕೆ ಘಟ್ಟದಲ್ಲಿ ಹತ್ತಿಳಿಯಬಲ್ಲ ರೈಲುಗಳ ಸಂಖ್ಯೆಗೆ ಮಿತಿ ಇದೆ. ಹೊಸ ರೈಲು ಕೇಳಿದಾಗಲೆಲ್ಲ ಈ ಮಿತಿಯೇ ಅಡ್ಡ ಬರುತ್ತದೆ, ಮತ್ತು ನಮ್ಮ ಪ್ರಶ್ನೆಗೂ ಇದೇ ಮುಖ್ಯ ಉತ್ತರವೆಂದು ನಾನು ಭಾವಿಸುತ್ತೇನೆ. ಮೈಸೂರಿಗೊಂದು, ಬೆಂಗಳೂರಿಗೊಂದು ಎಂದು ಪ್ರತ್ಯೇಕ ರೈಲುಗಳನ್ನು ಘಟ್ಟಕ್ಕೆ ಬಿಡುವುದು ಸುಲಭವಲ್ಲದ ಕಡೆ, ಒಂದೇ ರೈಲು ಎರಡೂ ನಗರಗಳ ಜನರನ್ನು ಹತ್ತಿಸಿಕೊಂಡು ಇಳಿಯುತ್ತದೆ.

1979ರ ಹಳಿ ಮೀಟರ್ ಗೇಜ್ ಆಗಿತ್ತು. ಅದನ್ನು ಬ್ರಾಡ್ ಗೇಜಿಗೆ ಬದಲಾಯಿಸುವ ಸಲುವಾಗಿ 1996ರಲ್ಲಿ ಸಂಚಾರ ನಿಂತಿತು. ಸರಕು ರೈಲುಗಳು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ರಾಜಧಾನಿಗೂ ರಾಜ್ಯದ ದೊಡ್ಡ ಬಂದರಿಗೂ ನಡುವೆ ನೇರ ರೈಲಿಲ್ಲದೆ, ಜನ ರಾತ್ರಿ ಬಸ್ಸುಗಳನ್ನೇ ನಂಬಿಕೊಂಡಿದ್ದರು. ರೈಲೇ ಬೇಕೆಂದವರಿಗೆ ಉಳಿದಿದ್ದದ್ದು ಪಾಲಕ್ಕಾಡಿನ ಹಳೆಯ ಸುತ್ತು. ಒಂದು ಇಡೀ ಪೀಳಿಗೆಯ ವಿದ್ಯಾರ್ಥಿಗಳು ಶಿರಾಡಿ ಘಾಟಿಯ ತಿರುವುಗಳಲ್ಲೇ ಓದು ಮುಗಿಸಿದರು ಎಂಬುದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ.

2007ರಲ್ಲಿ ರೈಲು ಮರಳಿದಾಗ ಬೆಂಗಳೂರಿನಿಂದ ಹಾಸನಕ್ಕೆ ಅರಸೀಕೆರೆಯ ದಾರಿ, ಮೈಸೂರಿನ ದಾರಿ, ಇವೆರಡೇ ಇದ್ದವು. ನೇರ ಮಾರ್ಗಕ್ಕೆ 1996–97ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ ಕಾಲದಲ್ಲಿ, ಮಂಜೂರಾತಿ ಸಿಕ್ಕಿತ್ತು. ಹಾಸನದ ಕಡೆಯಿಂದ ಶ್ರವಣಬೆಳಗೊಳದವರೆಗೆ ಹಳಿ ಬಂದಿತ್ತು. ಉಳಿದ ಭಾಗ ಮುಗಿದು ಇಡೀ ಮಾರ್ಗ ಉದ್ಘಾಟನೆಯಾದದ್ದು 2017ರ ಮಾರ್ಚ್ 26ರಂದು. ಅಷ್ಟರೊಳಗೆ ಮೈಸೂರಿನ ಮೇಲೆ ಸಾಗುತ್ತಿದ್ದ ರಾತ್ರಿ ರೈಲಿಗೆ ಅದರದ್ದೇ ಆದ ಪ್ರಯಾಣಿಕರು ಹುಟ್ಟಿಕೊಂಡಿದ್ದರು. ಮೈಸೂರು, ಕೃಷ್ಣರಾಜನಗರ, ಹೊಳೆನರಸೀಪುರದವರಿಗೆ ಸುಬ್ರಹ್ಮಣ್ಯಕ್ಕೋ ಮಂಗಳೂರಿನ ಆಸ್ಪತ್ರೆಗಳಿಗೋ ಹೋಗಲು ಅದೊಂದು ಆಸರೆ; ಮಡಿಕೇರಿಯ ಮೇಲಿನ ರಸ್ತೆ ಮಳೆಗಾಲದಲ್ಲಿ ಎಷ್ಟು ಕಷ್ಟವೆಂದು ಬಲ್ಲವರು ಆ ಆಸರೆಯ ಬೆಲೆಯನ್ನೂ ಬಲ್ಲರು. ಹೊಸ ಹಳಿ ಬಂದಿತೆಂದು ಹಳೆಯ ದಾರಿಯ ರೈಲನ್ನು ಪೂರ್ತಿ ಕಿತ್ತುಕೊಂಡಿದ್ದರೆ ಆ ಊರುಗಳಿಗೆ ಅನ್ಯಾಯವಾಗುತ್ತಿತ್ತು. ಕೆಲವು ವರ್ಷ ವಾರದ ಕೆಲವು ದಿನ ಕುಣಿಗಲ್ ಮೇಲೆ, ಉಳಿದ ದಿನ ಮೈಸೂರಿನ ಮೇಲೆ ಎಂದು ಹಂಚಿಕೊಂಡು ಓಡಿಸಿದ್ದು ಈ ಕಾರಣಕ್ಕೇ.

ಈಚಿನ ವರ್ಷಗಳಲ್ಲಿ ಆ ಹಂಚಿಕೆ ರೈಲುಗಳ ನಡುವಿನ ಹಂಚಿಕೆಯಾಗಿದೆ. ಕಣ್ಣೂರಿನ ರೈಲು ಕುಣಿಗಲ್ ದಾರಿ ಹಿಡಿಯುತ್ತದೆ; ಮುರ್ಡೇಶ್ವರದ ರೈಲು ಮೈಸೂರನ್ನು ಸುತ್ತಿ ಬರುತ್ತದೆ; ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಕುಣಿಗಲ್ ಮೇಲೆ ಬಂದು, ಮಂಗಳೂರಿನ ಮುಖ್ಯ ನಿಲ್ದಾಣಗಳಿಗೆ ಹೋಗದೆ ಪಡೀಲಿನ ಬೈಪಾಸಿನಲ್ಲೇ ಉತ್ತರಕ್ಕೆ ತಿರುಗುತ್ತದೆ. ಕುಂದಾಪುರ, ಕುಮಟಾ, ಕಾರವಾರದವರಿಗೆ ಇದರಿಂದ ಉಳಿದ ಸಮಯ ಬಹಳ.

ಇದೆಲ್ಲ ಯೋಚಿಸಿ ಇಟ್ಟ ಸುತ್ತು. ಮಳೆಗಾಲ ತರುವ ಸುತ್ತು ಬೇರೆ. 2018ರ ಆಗಸ್ಟಿನ ಮಳೆಗೆ ಘಟ್ಟದ ಹತ್ತಾರು ಕಡೆ ಗುಡ್ಡ ಕುಸಿದು, ರೈಲು ಮತ್ತೆ ಓಡಲು ಅಕ್ಟೋಬರ್ ಬರಬೇಕಾಯಿತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಬದಿಯ ಮಣ್ಣು ಜಾರಿದಾಗ, ಸುರಿವ ಮಳೆಯಲ್ಲೇ ಕಲ್ಲು, ಮರಳಚೀಲಗಳನ್ನು ತಂದು ಕಟ್ಟಿದ ಕೆಲಸಗಾರರು ಎರಡು ವಾರದೊಳಗೆ ದಾರಿ ತೆರೆದರು. ಇಂಥ ಹೊತ್ತಿನಲ್ಲಿ ತಿರುಗಿಸಿದ ಮಾರ್ಗಕ್ಕಾಗಿ ಪ್ರಯಾಣಿಕರು ಹೆಚ್ಚಿನ ದರ ಕೊಡಬೇಕಾಗಿಲ್ಲ, ಆ ದಾರಿಯಲ್ಲಿ ಹೋಗಲು ಇಷ್ಟವಿಲ್ಲದವರು ನಿಯಮದಂತೆ ಹಣ ಮರಳಿ ಕೇಳಬಹುದು.

2024ರ ಆ ದಿನಗಳಲ್ಲಿ ಬೆಂಗಳೂರು–ಕಣ್ಣೂರು ರೈಲನ್ನು ತಿರುಗಿಸಿದ್ದು ಜೋಲಾರಪೇಟೆ, ಸೇಲಂ, ಶೋರನೂರಿನ ಮೇಲೆ, ಅಂದರೆ 1907ರ ಪ್ರಯಾಣಿಕರ ದಾರಿಯಲ್ಲೇ. ಕಣ್ಣೂರಿನವರು ತಡವಾಗಿಯಾದರೂ ಮನೆ ಸೇರಬಹುದಿತ್ತು. ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಕಬಕ ಪುತ್ತೂರಿನ ನಿಲ್ದಾಣಗಳಲ್ಲಿ ಹತ್ತಬೇಕಿದ್ದವರಿಗೆ ಅಷ್ಟು ದಿನ ಆ ರೈಲೇ ಇರಲಿಲ್ಲ.