ಪದ ಪರಿಚಯ: ವಲ್ನರಬಿಲಿಟಿ ಲೇಬಲಿಂಗ್

ಸೈಬರ್ ಭದ್ರತೆಯ ಪಾಠದಲ್ಲಿ ಮೊದಲ ವಾರವೇ ಎದುರಾಗುವ ಪದ ‘ವಲ್ನರಬಿಲಿಟಿ’. ಕನ್ನಡದಲ್ಲಿ ಇದನ್ನು ದೌರ್ಬಲ್ಯ, ದುರ್ಬಲತೆ, ಭದ್ರತಾ ಲೋಪ ಎಂದೆಲ್ಲ ಬರೆಯುತ್ತಾರೆ. ನಾನು ತರಗತಿಯಲ್ಲಿ ‘ಕಿಂಡಿ’ ಎನ್ನುತ್ತೇನೆ. ಚಿತ್ರದುರ್ಗದ ಕೋಟೆ ನೋಡಿದವರಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಓಬವ್ವನ ಕಥೆಯಲ್ಲಿ ಬರುವ ಕಿಂಡಿ ಬಂಡೆಗಳ ನಡುವಿನ ಒಂದು ಸಂದು, ಒಳಗಿನ ಜನ ತಮ್ಮ ಅನುಕೂಲಕ್ಕೆ ನುಸುಳಿ ಓಡಾಡುತ್ತಿದ್ದ ದಾರಿ. ಹಾಗೆ ನುಸುಳುವುದು ಹೈದರಾಲಿಯ ಸೈನಿಕರ ಕಣ್ಣಿಗೆ ಬಿದ್ದ ಮೇಲೆ ಅದೇ ಸಂದು ಕೋಟೆಗೆ ಕಂಟಕವಾಯಿತು.

ಸಾಫ್ಟ್‌ವೇರಿನಲ್ಲೂ ಹೀಗಾಗುತ್ತದೆ. ಪ್ರೋಗ್ರಾಂನಲ್ಲಿ ನಡೆದದ್ದನ್ನು ದಾಖಲಿಸಿಡುವ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಗೆ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡಿಗೆ) 2013ರಲ್ಲಿ ಒಂದು ಸೌಲಭ್ಯ ಸೇರಿತು: ದಾಖಲಿಸುವ ಸಾಲಿನೊಳಗೆ ವಿಶೇಷ ಗುರುತೊಂದು ಕಂಡರೆ, ಅದು ತೋರಿಸಿದ ಜಾಗಕ್ಕೆ ಹೋಗಿ ಮಾಹಿತಿ ತರುವುದು. ಕೇಳಿದ್ದನ್ನೇ ಅದು ಮಾಡುತ್ತಿತ್ತು. ಆದರೆ ಆ ಸಾಲನ್ನು ಹೊರಗಿನವನೂ ಬರೆಯಬಹುದು, ತನ್ನ ಸರ್ವರಿನ ವಿಳಾಸ ಕೊಟ್ಟು ತನ್ನ ಕೋಡನ್ನೇ ಒಳಗೆ ತರಿಸಬಹುದು ಎಂಬುದು 2021ರ ಡಿಸೆಂಬರಿನಲ್ಲಿ ಬಯಲಾಯಿತು. ಲಾಗ್‌ಫೋರ್‌ಶೆಲ್ ಎಂದು ಹೆಸರಾದ ಈ ಕಿಂಡಿಗೆ ಸಿಕ್ಕ ತೀವ್ರತೆಯ ಅಂಕ 10ಕ್ಕೆ 10. ಆದ್ದರಿಂದ ಬಗ್‌ಗಳೆಲ್ಲ (ಕೋಡಿನ ತಪ್ಪುಗಳೆಲ್ಲ) ಕಿಂಡಿಗಳಲ್ಲ, ಕಿಂಡಿಗಳೆಲ್ಲ ಬಗ್ ಆಗಿ ಹುಟ್ಟಿದವೂ ಅಲ್ಲ. ಹಕ್ಕಿಲ್ಲದವನಿಗೆ ಒಳಬರಲು, ಕದಿಯಲು, ಕೆಡಿಸಲು ಎಡೆ ಕೊಟ್ಟರೆ ಅದು ಕಿಂಡಿ.

ಇನ್ನು ‘ಲೇಬಲಿಂಗ್’. ಇದಕ್ಕೆ ಹತ್ತಿರದ ಕನ್ನಡ ಪದ ಹಣೆಪಟ್ಟಿ. ಯಾರಿಗಾದರೂ ಹಣೆಪಟ್ಟಿ ಹಚ್ಚಿದರು ಎಂದಾಗ ಅದರಲ್ಲಿ ಹಚ್ಚಿದವರ ತೀರ್ಪೂ ಇರುತ್ತದೆ ಎಂದು ನಮಗೆ ಗೊತ್ತಾಗುತ್ತದೆ. ಆ ಎಚ್ಚರ ಇಲ್ಲಿಯೂ ಬೇಕು. ಒಂದಿಷ್ಟು ಕೋಡನ್ನು ಮುಂದಿಟ್ಟುಕೊಂಡು ಇದರಲ್ಲಿ ಕಿಂಡಿ ಇದೆಯೇ, ಯಾವ ಬಗೆಯದು, ಎಷ್ಟು ತೀವ್ರ, ಯಾವ ಫೈಲಿನ ಯಾವ ಫಂಕ್ಷನ್ನಿನಲ್ಲಿ (ಒಂದು ಕೆಲಸ ಮಾಡುವ ಕೋಡಿನ ತುಣುಕಿನಲ್ಲಿ) ಇದೆ ಎಂದು ಗುರುತು ಹಾಕುವುದೇ ವಲ್ನರಬಿಲಿಟಿ ಲೇಬಲಿಂಗ್. ಹೀಗೆ ಗುರುತಾದ ಸಾವಿರಾರು ಉದಾಹರಣೆಗಳನ್ನು ನೋಡಿಯೇ ಕಿಂಡಿ ಹುಡುಕುವ ಎಐ ಮಾಡೆಲ್‌ಗಳು ಕಲಿಯುತ್ತವೆ. ಗುರುತು ಹಾಕಿದವರು ತಪ್ಪಿದ್ದರೆ ಮಾಡೆಲ್ ಆ ತಪ್ಪನ್ನೇ ಪಾಠವೆಂದು ಕಲಿಯುತ್ತದೆ.

ಕಿಂಡಿಗಳಿಗೆ ಎಲ್ಲರೂ ಒಪ್ಪುವ ಹೆಸರು ಬಂದದ್ದೇ 1999ರಲ್ಲಿ. ಅದಕ್ಕೂ ಮುಂಚೆ ಒಂದೇ ಕಿಂಡಿಯನ್ನು ಒಂದೊಂದು ಭದ್ರತಾ ಉಪಕರಣ ಒಂದೊಂದು ಹೆಸರಿನಿಂದ ಕರೆಯುತ್ತಿತ್ತು. ಅಮೆರಿಕದ ಮೈಟರ್ ಸಂಸ್ಥೆ ಶುರುಮಾಡಿದ ಸಿವಿಇ ಪಟ್ಟಿಯಲ್ಲಿ ಮೊದಲು ಇದ್ದದ್ದು 321 ನಮೂದುಗಳು. 2024 ಒಂದೇ ವರ್ಷದಲ್ಲಿ ಸೇರಿದವು 40,000ಕ್ಕೂ ಹೆಚ್ಚು. ಸಿವಿಇ ಎಂದರೆ ಕಿಂಡಿಯ ಕ್ರಮಸಂಖ್ಯೆ, ಸಿಡಬ್ಲ್ಯುಇ ಎಂದರೆ ಅದರ ಜಾತಿ, ಸಿವಿಎಸ್‌ಎಸ್ ಎಂದರೆ ತೀವ್ರತೆಯ ಅಂಕ. ಮೂರನ್ನೂ ಒಟ್ಟಿಗೆ ನೋಡಬೇಕೆಂದರೆ ಅಮೆರಿಕದ ನಿಸ್ಟ್ ಸಂಸ್ಥೆ ನಡೆಸುವ ಎನ್‌ವಿಡಿ ಎಂಬ ಸಾರ್ವಜನಿಕ ಕೋಶವಿದೆ.

ವಿದ್ಯಾರ್ಥಿಗಳಿಗೆ ನಾನು ಮೊದಲು ಕೊಡುವ ಅಭ್ಯಾಸ ಹಾರ್ಟ್‌ಬ್ಲೀಡ್, ಅಂದರೆ ಸಿವಿಇ-2014-0160. ಇಂಟರ್ನೆಟ್ಟಿನ ದೊಡ್ಡ ಪಾಲಿಗೆ ಗೂಢಲಿಪಿಯ ರಕ್ಷಣೆ ಕೊಡುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ‘ಇದ್ದೀಯಾ?’ ಎಂದು ಕೇಳಿ ‘ಇದ್ದೀನಿ’ ಎನಿಸಿಕೊಳ್ಳುವ ಒಂದು ಏರ್ಪಾಡಿತ್ತು. ಕೇಳುವವನು ಒಂದು ಸಂದೇಶ ಕಳಿಸಿ ಅದರ ಉದ್ದ ಇಷ್ಟು ಎನ್ನಬೇಕು, ಸರ್ವರ್ ಅದನ್ನೇ ಮರಳಿಸಬೇಕು. ಒಂದೇ ಬೈಟ್ ಕಳಿಸಿ ‘ಇದರ ಉದ್ದ 64 ಸಾವಿರ’ ಎಂದರೂ ಸರ್ವರ್ ನಂಬುತ್ತಿತ್ತು. ಆ ಬೈಟಿನ ಪಕ್ಕ ಮೆಮೊರಿಯಲ್ಲಿ ಏನಿತ್ತೋ ಅದನ್ನೆಲ್ಲ ಸೇರಿಸಿ ಕೊಟ್ಟುಬಿಡುತ್ತಿತ್ತು. ಹಾಗೆ ಹೋದದ್ದರಲ್ಲಿ ಪಾಸ್‌ವರ್ಡ್ ಇರಬಹುದು, ಸರ್ವರಿನ ಖಾಸಗಿ ಕೀಲಿಯೇ ಇರಬಹುದು.

ಇದನ್ನು ಸರಿಪಡಿಸಿದ ಪ್ಯಾಚಿನ ತಿರುಳು ಇಷ್ಟೇ: ಹೇಳಿದ ಉದ್ದ ನಿಜಕ್ಕೂ ಬಂದ ಉದ್ದವನ್ನು ಮೀರಿದರೆ ಸಂದೇಶವನ್ನು ಬಿಟ್ಟುಬಿಡು. ಪ್ಯಾಚು ಮುಟ್ಟಿದ್ದು ಸಿ ಭಾಷೆಯ ಎರಡು ಫೈಲುಗಳನ್ನು, ಜೊತೆಗೆ ಬದಲಾವಣೆಗಳ ಟಿಪ್ಪಣಿಯ ಒಂದು ಫೈಲನ್ನು. ‘ಈಗ ಗುರುತು ಹಾಕಿ’ ಎಂದರೆ ತರಗತಿಯಲ್ಲಿ ಗದ್ದಲ ಶುರು. ಕಿಂಡಿ ಒಂದೋ ಎರಡೋ? ಸಿವಿಇ ಸಂಖ್ಯೆ ಒಂದೇ, ಆದರೆ ಅದೇ ತಪ್ಪು ಎರಡು ಫಂಕ್ಷನ್ನುಗಳಲ್ಲಿದೆ. ಟಿಪ್ಪಣಿಯ ಫೈಲಿಗೂ ‘ಕಿಂಡಿ’ ಎಂದು ಬರೆಯಬೇಕೇ? ತಪ್ಪಿರುವುದು ಉದ್ದವನ್ನು ಓದುವ ಸಾಲಿನಲ್ಲೋ, ನಕಲು ಮಾಡುವ ಸಾಲಿನಲ್ಲೋ, ಇರಬೇಕಾಗಿದ್ದು ಇಲ್ಲದೇಹೋದ ಪರಿಶೀಲನೆಯ ಸಾಲಿನಲ್ಲೋ? ಇಲ್ಲದ ಸಾಲಿಗೆ ಗುರುತು ಹಾಕುವುದು ಹೇಗೆ? ಈ ಪ್ರಶ್ನೆಗಳಿಗೆ ತಂಡ ಮೊದಲೇ ಕೂತು ನಿಯಮ ಬರೆದುಕೊಳ್ಳದಿದ್ದರೆ ಹತ್ತು ಜನ ಹತ್ತು ಥರ ಗುರುತು ಹಾಕುತ್ತಾರೆ.

ಅನುಭವಿಗಳೂ ಇದಕ್ಕೆ ಹೊರತಲ್ಲ. ಹಾರ್ಟ್‌ಬ್ಲೀಡಿಗೆ ಎನ್‌ವಿಡಿ ಮೊದಲು ಕೊಟ್ಟ ಜಾತಿ ಸಿಡಬ್ಲ್ಯುಇ-119, ಮೆಮೊರಿಯ ಎಲ್ಲೆ ಮೀರುವ ಎಲ್ಲ ತಪ್ಪುಗಳನ್ನೂ ಒಟ್ಟಿಗೆ ತುಂಬುವ ದೊಡ್ಡ ಚೀಲ. ಆಮೇಲೆ ಅದು ಸಿಡಬ್ಲ್ಯುಇ-125 ಆಯಿತು, ಅಂದರೆ ಎಲ್ಲೆ ಮೀರಿ ಓದುವುದು. ತೀವ್ರತೆ ಅಳೆಯುವ ಹಳೆಯ ಎರಡನೆಯ ಆವೃತ್ತಿಯಲ್ಲಿ ಇದಕ್ಕೆ ಸಿಕ್ಕಿದ್ದು 5.0, ಮೂರನೆಯ ಆವೃತ್ತಿಯಲ್ಲಿ 7.5. ಕೋಡು ಅದೇ, ತಪ್ಪು ಅದೇ. ಹಾಗಾಗಿ ಲೇಬಲಿನ ಜೊತೆ ಯಾವ ಅಳತೆಗೋಲು ಹಿಡಿದು ಬರೆದದ್ದು ಎಂಬುದನ್ನೂ ಬರೆಯದಿದ್ದರೆ ಅರ್ಧ ಮಾಹಿತಿ ಕಳೆದಂತೆ.

ವಿದ್ಯಾರ್ಥಿಗಳು ಲೇಬಲ್ ಬರೆಯುವ ಹಾಳೆಯಲ್ಲಿ ಕಾರಣದ ಕಾಲಂ ಒಂದು ಕಡ್ಡಾಯ, ಮತ್ತು ಅದನ್ನು ಕನ್ನಡದಲ್ಲಿ ಬರೆಯಬಹುದು ಎಂದಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವಾಗ ದಾಖಲೆಯ ವಾಕ್ಯವನ್ನೇ ಎತ್ತಿ ಇಡುವುದು ಸುಲಭ. ‘ಕಳಿಸಿದವನು ಹೇಳಿದ ಉದ್ದವನ್ನು ನಂಬಿ, ಇರುವುದಕ್ಕಿಂತ ಹೆಚ್ಚು ಓದಿ ಕೊಟ್ಟುಬಿಡುತ್ತದೆ’ ಎಂದು ಬರೆಯಬೇಕಾದರೆ ಕೋಡು ಅರ್ಥವಾಗಿರಲೇಬೇಕು.

ದೊಡ್ಡ ಡೇಟಾಸೆಟ್‌ಗಳನ್ನು, ಅಂದರೆ ಇಂಥ ಉದಾಹರಣೆಗಳ ಸಂಗ್ರಹಗಳನ್ನು, ಕಟ್ಟುವಾಗ ಇಷ್ಟು ತಾಳ್ಮೆಗೆ ಸಮಯವಿರುವುದಿಲ್ಲ. ಕಿಂಡಿ ಮುಚ್ಚಿದ ಕಮಿಟ್ (ಕೋಡಿನಲ್ಲಿ ಒಂದೇ ಸಲಕ್ಕೆ ದಾಖಲಾದ ಬದಲಾವಣೆ) ಹುಡುಕಿ, ಅದು ಮುಟ್ಟಿದ ಫಂಕ್ಷನ್ನುಗಳ ಹಳೆಯ ರೂಪಕ್ಕೆಲ್ಲ ‘ಕಿಂಡಿ ಇದೆ’ ಎಂದು ಯಂತ್ರದಿಂದಲೇ ಬರೆಸುವುದು ರೂಢಿ. ಅದೇ ಕಮಿಟ್‌ನಲ್ಲಿ ಯಾರೋ ಒಂದು ಹೆಸರು ಬದಲಿಸಿದ್ದರೆ, ಸಾಲುಗಳನ್ನು ಓರಣವಾಗಿಸಿದ್ದರೆ, ಆ ಬಡಪಾಯಿ ಫಂಕ್ಷನ್ನಿಗೂ ಹಣೆಪಟ್ಟಿ ಬೀಳುತ್ತದೆ. ಬಳಕೆಯಲ್ಲಿದ್ದ ಡೇಟಾಸೆಟ್‌ಗಳನ್ನು ಪರಿಶೀಲಿಸಿದ 2023ರ ಒಂದು ಅಧ್ಯಯನದಲ್ಲಿ ನಿಜ ಪ್ರಾಜೆಕ್ಟುಗಳಿಂದ ತೆಗೆದ ಲೇಬಲ್‌ಗಳಲ್ಲಿ ಶೇ. 20ರಿಂದ 71ರಷ್ಟು ತಪ್ಪೆಂದು ಕಂಡಿತು. ಮರುವರ್ಷ ಬಂದ ಪ್ರೈಮ್‌ವಲ್ ಎಂಬ ಡೇಟಾಸೆಟ್ ಲೇಬಲ್‌ಗಳನ್ನು ಬಿಗಿಗೊಳಿಸಿ, ಒಂದೇ ಕೋಡು ಎರಡೆರಡು ಕಡೆ ನುಸುಳಿದ್ದನ್ನು ತೆಗೆದು, ಕಲಿಕೆಯ ಮತ್ತು ಪರೀಕ್ಷೆಯ ಭಾಗಗಳನ್ನು ಕಾಲಕ್ರಮದಲ್ಲಿ ಬೇರೆಮಾಡಿತು. ಬಿಗ್‌ವಲ್ ಎಂಬ ಹಳೆಯ ಡೇಟಾಸೆಟ್‌ನಲ್ಲಿ ಎಫ್1 ಲೆಕ್ಕದಲ್ಲಿ (ಹಿಡಿದದ್ದರಲ್ಲಿ ಸರಿ ಎಷ್ಟು, ಹಿಡಿಯಬೇಕಾದದ್ದರಲ್ಲಿ ಹಿಡಿದದ್ದೆಷ್ಟು ಎಂಬೆರಡನ್ನೂ ಸೇರಿಸಿದ ಅಂಕ) ಶೇ. 68.26 ಪಡೆದಿದ್ದ ಮಾಡೆಲ್ ಇಲ್ಲಿ ಪಡೆದದ್ದು ಶೇ. 3.09. ಈ ಎರಡು ಅಂಕಿಗಳನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

ಇಬ್ಬರು ಒಪ್ಪಿದರು ಎಂಬುದನ್ನೂ ಸುಮ್ಮನೆ ನಂಬುವಂತಿಲ್ಲ. 100 ಫಂಕ್ಷನ್ನುಗಳನ್ನು ಇಬ್ಬರು ವಿದ್ಯಾರ್ಥಿಗಳು ಬೇರೆಬೇರೆಯಾಗಿ ನೋಡಿ, ತಲಾ 10ರಲ್ಲಿ ಕಿಂಡಿ ಇದೆ ಎಂದರು ಎನ್ನಿ. ಇಬ್ಬರೂ ‘ಇದೆ’ ಎಂದದ್ದು 4ಕ್ಕೆ, ಇಬ್ಬರೂ ‘ಇಲ್ಲ’ ಎಂದದ್ದು 84ಕ್ಕೆ. ಒಟ್ಟು 88 ಕಡೆ ಒಮ್ಮತ, ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ ಕಣ್ಣು ಮುಚ್ಚಿ ತಲಾ 10ಕ್ಕೆ ಗುರುತು ಹಾಕಿದ್ದರೂ ಸರಾಸರಿ 82 ಕಡೆ ಒಮ್ಮತ ಬರುತ್ತಿತ್ತು. ಮಿಕ್ಕ 18ರಲ್ಲಿ ಅವರು ಬುದ್ಧಿಯಿಂದ ಗಳಿಸಿದ್ದು 6, ಅಂದರೆ ಮೂರರಲ್ಲೊಂದು ಪಾಲು. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ‘ಕಪ್ಪಾ’ ಎಂಬ ಅಳತೆ ಹೇಳುವುದು ಇದನ್ನೇ: 0.33. ಅವರಿಬ್ಬರೂ ಭಿನ್ನವಾಗಿ ಬರೆದ ಆ 12 ಫಂಕ್ಷನ್ನುಗಳನ್ನು ಎದುರುಬದುರು ಕೂತು ಚರ್ಚಿಸುವ ಹೊತ್ತೇ ಇಡೀ ಪಾಠದ ಜೀವಾಳ.

ಎಲ್ಲಿಂದ ಸಂಗ್ರಹಿಸಬೇಕು ಎಂಬುದರಲ್ಲಿ ಮಾತ್ರ ಚರ್ಚೆಗೆ ಎಡೆಯಿಲ್ಲ. ಸಾರ್ವಜನಿಕ ದಾಖಲೆ, ಮುಕ್ತ ಕೋಡು, ಈಗಾಗಲೇ ಮುಚ್ಚಿದ ಕಿಂಡಿ, ಅಷ್ಟೇ. ಅಭ್ಯಾಸಕ್ಕೆಂದು ಯಾರದೋ ಜಾಲತಾಣವನ್ನು ಅನುಮತಿಯಿಲ್ಲದೆ ತಡಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಿಗೆ ಸಿಕ್ಕಿಬೀಳಬಹುದು. ಮೂರು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಕೋಡು ಓದುವಾಗ ಹೊಸ ಕಿಂಡಿಯೇ ಕಂಡರೆ ಅದನ್ನು ಡೇಟಾಸೆಟ್‌ಗೆ ಸೇರಿಸುವುದಲ್ಲ, ಆ ಸಾಫ್ಟ್‌ವೇರಿನವರಿಗೋ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೋ ತಿಳಿಸಬೇಕು.

ಅತಿ ಕಷ್ಟದ ಲೇಬಲ್ ‘ಕಿಂಡಿ ಇಲ್ಲ’ ಎಂಬುದು. ಹಾರ್ಟ್‌ಬ್ಲೀಡಿನ ತಪ್ಪು ಕೋಡಿಗೆ ಸೇರಿದ್ದು 2011ರ ಡಿಸೆಂಬರ್ 31ರಂದು, ಲೋಕಕ್ಕೆ ತಿಳಿದದ್ದು 2014ರ ಏಪ್ರಿಲ್ 7ರಂದು. ನಡುವಿನ ಎರಡು ವರ್ಷಗಳಲ್ಲಿ ಅದೇ ಫಂಕ್ಷನ್ನಿಗೆ ಯಾರಾದರೂ ಗುರುತು ಹಾಕಿದ್ದರೆ, ದಾಖಲೆಗಳನ್ನೆಲ್ಲ ತಡಕಿ, ಪ್ರಾಮಾಣಿಕವಾಗಿಯೇ ‘ಇಲ್ಲ’ ಎಂದು ಬರೆಯುತ್ತಿದ್ದರು. ಅದಕ್ಕೇ ನಮ್ಮ ಹಾಳೆಯಲ್ಲಿ ‘ಇಲ್ಲ’ ಎಂಬ ಆಯ್ಕೆಯನ್ನು ಅಳಿಸಿದ್ದೇವೆ. ಆ ಜಾಗದಲ್ಲಿ ಈಗ ‘ಈ ದಿನದವರೆಗೆ ಕಂಡಿಲ್ಲ’ ಎಂದಿದೆ, ಪಕ್ಕದಲ್ಲಿ ತಾರೀಖು ಬರೆಯಲು ಒಂದು ಖಾಲಿ ಚೌಕ.