ಗೋವಿನಜೋಳಕ್ಕೆ ಯಾವ ನೀರು ತಪ್ಪಿಸಬಹುದು?

ಇಂಡಿ, ಚಡಚಣ ಕಡೆಯಿಂದ ಬಂದು ಪುಣೆ ಜಿಲ್ಲೆಯ ದೌಂಡ, ಇಂದಾಪುರದಲ್ಲಿ ಹೊಲ ಮಾಡುವ ನಮ್ಮ ರೈತರು ಹಿಂಗಾರಿನಲ್ಲಿ ಹೆಚ್ಚಾಗಿ ಕೇಳುವುದು ಇದನ್ನೇ: "ಸರ್, ಕಬ್ಬಿನ ರವದಿ ಹಾಸೀನ್ರಿ, ಎರಡು ನೀರು ಬಿಟ್ರ ನಡೀತೈತಿಲ್ರಿ?" ರವದಿ ಎಂದರೆ ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆ. ಯಾವ ಎರಡು ಅಂತ ಮೊದಲು ಹೇಳ್ರಿ ಎನ್ನುತ್ತೇನೆ.

ಮೊದಲ ತಿಂಗಳು ಎಲೆ ನೆಲ ಮುಚ್ಚಿರುವುದಿಲ್ಲ. ಕೊಟ್ಟ ನೀರಿನ ದೊಡ್ಡ ಪಾಲು ಬರಿ ಮಣ್ಣಿನಿಂದಲೇ ಆವಿಯಾಗುತ್ತದೆ. ರವದಿ ತಡೆಯುವುದು ಇದನ್ನು, ಹಾಗಾಗಿ ಬಿಡಬಹುದಾದ ಒಂದು ನೀರು ಈ ತಿಂಗಳಿನದು. ಎರೆಮಣ್ಣು ಬಿರಿಯುವುದೂ ಕಡಿಮೆ. 25 ಮಿ.ಮೀ. ಉಳಿದರೂ ಎಕರೆಗೆ ಲಕ್ಷ ಲೀಟರ್ ಆಯಿತು. ಬೆಳೆ ಎದೆಯೆತ್ತರ ಬಂದ ಮೇಲೆ ನೀರು ಹೋಗುವುದು ಎಲೆಯಿಂದ, ಅಲ್ಲಿ ಹೊದಿಕೆಯ ಆಟ ನಡೆಯದು.

ಹೂ ಬಿಡುವ ಹೊತ್ತಿನ ನೀರನ್ನಂತೂ ಮುಟ್ಟಬೇಡಿ. ಗಂಡು ಹೂ ಪರಾಗ ಉದುರಿಸುವುದು ಸುಮಾರು ಒಂದು ವಾರ. ಬಾಯಾರಿದ ಗಿಡದಲ್ಲಿ ತೆನೆಯ ಕೂದಲು ತಡವಾಗಿ ಹೊರಬರುತ್ತದೆ, ಅಷ್ಟರಲ್ಲಿ ಪರಾಗ ಮುಗಿದಿರುತ್ತದೆ. ಒಂದು ಕೂದಲಿಗೆ ಒಂದು ಕಾಳು. ತಪ್ಪಿದ ಕಾಳನ್ನು ಆಮೇಲೆ ಎಷ್ಟು ನೀರು ಹಾಯಿಸಿದರೂ ತರಲಾಗದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಕೊಟ್ಟ ಲೆಕ್ಕವನ್ನು ಈಗಲೂ ಬಳಸುತ್ತೇವೆ: ಬೆಳೆಗೆ ಬೇಕಾದ ನೀರಿನಲ್ಲಿ ಶೇ 10 ಕೊರತೆ ಎಳೆಯ ಹಂತದಲ್ಲಾದರೆ ಇಳುವರಿ ಶೇ 4ರಷ್ಟು ಇಳಿಯುತ್ತದೆ, ಹೂವಿನ ಹಂತದಲ್ಲಾದರೆ ಶೇ 15.

ನೀರು ಕಡಿಮೆ ಕೊಟ್ಟರೆ ಲೀಟರಿಗೆ ಸಿಗುವ ಕಾಳು ಹೆಚ್ಚು ಎಂದು ವರದಿಗಳು ಹೇಳುತ್ತವೆ. ಸುಳ್ಳಲ್ಲ, ಆದರೆ ಎಕರೆಗೆ ಸಿಗುವ ಕಾಳು ಇಳಿದಿದ್ದರೂ ಆ ಲೆಕ್ಕ ಚೆಂದವೇ ಕಾಣುತ್ತದೆ. ಹೊಲ ಹೆಚ್ಚಿದ್ದು ನೀರು ಸಾಲದವನಿಗೆ ಅದು ಲಾಭ. ಆದರೆ ಲಾವಣಿ (ಗುತ್ತಿಗೆ) ಹೊಲದವನು ಬಾಡಿಗೆ ಕಟ್ಟುವುದು ಎಕರೆಗೆ, ಲೀಟರಿಗಲ್ಲ.

ಹಾಸುವುದರಲ್ಲೂ ಒಂದು ಕ್ರಮವಿದೆ. ಎಲ್ಲ ಸಾಲಿಗೂ ರವದಿ ತುಂಬಿದರೆ ಹಾಯಿಸಿದ ನೀರು ಅದನ್ನು ತಳ್ಳಿಕೊಂಡು ಹೋಗಿ ಒಂದೆಡೆ ಕಟ್ಟಿ ನಿಲ್ಲುತ್ತದೆ. ಸಾಲು ಬಿಟ್ಟು ಸಾಲು ಹಾಸಿ, ಖಾಲಿ ಸಾಲಿನಲ್ಲಿ ಮಾತ್ರ ನೀರು ಬಿಡಿ. ಎಕರೆಗೆ ಎರಡು ಟನ್ ಸಾಕು. ಹೊಸ ರವದಿ ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುವುದರಿಂದ ಎಲೆ ಹಳದಿಗೆ ತಿರುಗಬಹುದು; ಯೂರಿಯಾವನ್ನು ಮೇಲೆ ಎರಚದೆ ಮಣ್ಣಿನೊಳಗೆ ಕೊಡಿ.

ಬಿಡಬಹುದಾದ ಇನ್ನೊಂದು ನೀರು ಕೊನೆಯದು. ತೆನೆ ಸುಲಿದು ಕಾಳು ಕಿತ್ತು ಬುಡವನ್ನು ಉಗುರಿನಿಂದ ಕೆರೆದು ನೋಡಿ. ಕಪ್ಪು ಪದರ ಕಂಡರೆ ಕಾಳು ಬಲಿತಿದೆ, ಪಂಪ್ ಬಂದ್ ಮಾಡಿ.