ಪಾರ್ಟಿ ತೋರಿಸಿದವರ ಕಮಿಷನ್ ಉಳಿಯಬೇಕಾದರೆ

ತಿಪಟೂರು ಕಡೆಯ ಕೊಬ್ಬರಿ ದಲ್ಲಾಳಿಯೊಬ್ಬರು ಕಳೆದ ವರ್ಷ ತುಮಕೂರಿನ ನಮ್ಮ ವಕೀಲಿ ಆಫೀಸಿಗೆ ಬಂದಿದ್ದರು. ಉತ್ತರ ಭಾರತದ ಪಾರ್ಟಿಯೊಂದನ್ನು, ಅಂದರೆ ಮಾಲು ಕೊಳ್ಳುವವರನ್ನು, ಇಲ್ಲಿನ ವರ್ತಕರಿಗೆ ತೋರಿಸಿಕೊಟ್ಟಿದ್ದರು. ಎರಡು ಲೋಡಿಗೆ ಕಮಿಷನ್ ಬಂತು. ಮೂರನೆಯ ಲೋಡು ಹೋದದ್ದು ಗೊತ್ತಾಗಿದ್ದು ಲಾರಿ ಡ್ರೈವರ್ ಬಾಯಿಂದ. "ಒಂದು ಚೀಟಿನೂ ಇಲ್ಲ ಸಾರ್, ಬರೀ ವಾಟ್ಸಾಪು" ಎಂದು ಮೊಬೈಲನ್ನು ಮೇಜಿನ ಮೇಲಿಟ್ಟರು. ಅವರ ಬೆರಳು ನಡುಗುತ್ತಿತ್ತು.

ಇಂಥವರು ಕೇಳುವುದು ಸಾಮಾನ್ಯವಾಗಿ ಒಂದೇ: "ಮುಂದಿನ ಸಲ, ನಾನು ತೋರಿಸಿದ ಪಾರ್ಟಿ ಜೊತೆ ವರ್ತಕರು ನನ್ನನ್ನು ಬಿಟ್ಟು ಯಾವತ್ತೂ ವ್ಯಾಪಾರ ಮಾಡಬಾರದು ಅಂತ ಬರೆಸಿಬಿಡಿ." ಬರೆಯಬಹುದು. ಆದರೆ ಅದು ನಿಲ್ಲುವುದು ಕಷ್ಟ. 1872ರ ಕರಾರು ಕಾಯಿದೆಯ 27ನೇ ಕಲಮು, ಯಾರನ್ನೇ ಆಗಲಿ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ ಎನ್ನುತ್ತದೆ. ವ್ಯಾಪಾರದ ಗುಡ್‌ವಿಲ್ (ಅಂಗಡಿಯ ಹೆಸರು, ಗಿರಾಕಿ ಬಳಗ) ಮಾರಿದವರ ವಿಷಯದಲ್ಲಿ ಮಾತ್ರ ವಿನಾಯಿತಿ ಇದೆ. ನೌಕರರ ಮೇಲೆ ಕೆಲಸದಲ್ಲಿರುವಾಗ ಹಾಕುವ ಇಂಥ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1967ರ ಗೋಲಿಕರಿ ತೀರ್ಪಿನಲ್ಲಿ ಒಪ್ಪಿತು. ಕೆಲಸ ಬಿಟ್ಟ ಮೇಲಿನ ನಿರ್ಬಂಧ 1980ರಲ್ಲಿ, ಸೂಪರಿಂಟೆಂಡೆನ್ಸ್ ಕಂಪನಿ ಪ್ರಕರಣದಲ್ಲಿ, ಉಳಿಯಲಿಲ್ಲ.

ಹಾಗಾಗಿ ನಾನು ಬಾಗಿಲು ಮುಚ್ಚುವ ಷರತ್ತಿಗಿಂತ ಹಣ ಬರುವ ಷರತ್ತನ್ನು ಮುಂದಿಡುತ್ತೇನೆ. ವರ್ತಕರು ಆ ಪಾರ್ಟಿ ಜೊತೆ ಬೇಕಾದಷ್ಟು ವ್ಯಾಪಾರ ಮಾಡಲಿ, ಅಡ್ಡಿಯಿಲ್ಲ. ಆದರೆ ಪರಿಚಯವಾದ ದಿನದಿಂದ 24 ತಿಂಗಳೊಳಗೆ ಹೋದ ಪ್ರತಿ ಲೋಡಿಗೂ, ನೇರವಾಗಿ ಹೋಗಲಿ, ಮಗನ ಹೆಸರಿನ ಅಂಗಡಿಯಿಂದ ಹೋಗಲಿ, ಕ್ವಿಂಟಲಿಗೆ ಇಷ್ಟು ಕಮಿಷನ್. ಇಲ್ಲಿ ಯಾರ ವ್ಯಾಪಾರವನ್ನೂ ನಿಲ್ಲಿಸಿಲ್ಲ. ಮಾಡಿದ ಕೆಲಸದ ಕೂಲಿ ಕೇಳುತ್ತಿದ್ದೇವೆ, ಅಷ್ಟೆ. ಜೊತೆಗೆ ಜಿಎಸ್‌ಟಿ ಬಿಲ್, ಇ-ವೇ ಬಿಲ್ (ಸರಕು ಸಾಗಣೆಯ ಚೀಟಿ) ನೋಡುವ ಹಕ್ಕನ್ನೂ ಬರೆಸಿ. ಎಷ್ಟು ಲೋಡು ಹೋಯಿತೆಂದು ತೋರಿಸಲಾಗದೆ ಕೈಚೆಲ್ಲಿದವರನ್ನು ತುಂಬ ನೋಡಿದ್ದೇನೆ.

ಇನ್ನು ಕೆಲವರು "ತಪ್ಪಿದರೆ ಹತ್ತು ಲಕ್ಷ ದಂಡ" ಎಂದು ಬರೆಸಲು ಹಟ ಹಿಡಿಯುತ್ತಾರೆ. ಅದೇ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಬರೀ ಮೇಲಿನ ಮಿತಿ. ನ್ಯಾಯಾಲಯ ಅದರೊಳಗೆ ಸಮಂಜಸವಾದ ಪರಿಹಾರವನ್ನಷ್ಟೇ ಕೊಡುತ್ತದೆ. ಹೆದರಿಸುವ ಅಂಕಿಗಿಂತ ಲೆಕ್ಕ ತೋರಿಸಬಲ್ಲ ಅಂಕಿ ಒಳ್ಳೆಯದು.

ಕರಾರಿಗೆ ಸರಿಯಾದ ಛಾಪಾ ಶುಲ್ಕ (ಸ್ಟಾಂಪ್ ಡ್ಯೂಟಿ) ಕಟ್ಟಿ. ಕಟ್ಟದಿದ್ದರೆ, ಶುಲ್ಕ ಮತ್ತು ದಂಡ ತೆತ್ತ ಮೇಲೆಯೇ ಅದು ಸಾಕ್ಷ್ಯಕ್ಕೆ ಬರುವುದು. ದಂಡ, ಬಾಕಿ ಶುಲ್ಕದ ಹತ್ತು ಪಟ್ಟು. ವಾಟ್ಸಾಪ್ ಸಂದೇಶವನ್ನೂ ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಪ್ರಮಾಣಪತ್ರ ಕೊಟ್ಟು ಅದನ್ನು ಹಾಜರುಪಡಿಸಬಹುದು. ಆ ದಲ್ಲಾಳಿಯ ಕೈಯಲ್ಲಿ ಉಳಿದಿದ್ದೂ ವರ್ತಕರ ಅಂಥದೇ ಒಂದು ಸಂದೇಶ: "ಅಣ್ಣಾ, ಪಾರ್ಟಿ ನಂಬರ್ ಕಳಿಸು, ಕಮಿಷನ್ ಲೋಡಿಗೆ ಕೊಡ್ತೀನಿ." ಆ ಒಂದು ಸಾಲಿನ ಮೇಲೆ ನೋಟಿಸ್ ಕಳಿಸಿದೆವು.

ಮುಂದಿನ ವ್ಯವಹಾರಕ್ಕೆ ಕರಾರು ಬರೆಯುವಾಗ ಅವರು ಎಣ್ಣೆ ಕಲೆಯಾದ ಒಂದು ನೋಟುಪುಸ್ತಕ ತಂದರು. ಅದರಲ್ಲಿ ಹನ್ನೊಂದು ಪಾರ್ಟಿಗಳ ಹೆಸರಿದ್ದವು. ಪ್ರತಿ ಹೆಸರು, ಊರು, ಪರಿಚಯ ಮಾಡಿಸಿದ ತಾರೀಖನ್ನು ಅನುಬಂಧವಾಗಿ ಸೇರಿಸಿ, ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಹಾಕಿಸಿದೆ. ಸಹಿಗೆ ಮುಂಚೆ ದಲ್ಲಾಳಿಯೇ ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಇವರು ವರ್ತಕರಿಗೆ ಮೊದಲೇ ಗೊತ್ತು ಸಾರ್. ತೆಗೆದುಬಿಡಿ." ತೆಗೆದೆ. ಉಳಿದ ಹತ್ತು ಹೆಸರಿನ ಬಗ್ಗೆ ವರ್ತಕರು ಒಂದು ಮಾತೂ ಆಡಲಿಲ್ಲ, ಪೆನ್ನು ತೆಗೆದುಕೊಂಡರು.